ಒಬ್ಬನೇ ರಾಜ, ಎರಡು ಸನದು: ಪೆನ್ಸಿಲ್ವೇನಿಯಾದ ನೆಲ ಯಾರ ಕೈಯಿಂದ ಯಾರ ಕೈಗೆ ಹೋಯಿತು?

ಪ್ರಶ್ನೆ: ಮಾಟುಂಗಾ ವಾಚಕ

ಮಾನ್ಯರೇ,

ಮುಂಬಯಿಯಲ್ಲಿರುವ ನಮ್ಮ ಚಿಕ್ಕ ಕನ್ನಡ ಓದುಗರ ಬಳಗಕ್ಕಾಗಿ ಈ ಊರಿನ ಆರಂಭಕಾಲದ ಇಂಗ್ಲಿಷ್ ಆಡಳಿತದ ಕುರಿತು ಒಂದು ಲೇಖನ ಸಿದ್ಧಪಡಿಸುತ್ತಿದ್ದೇನೆ. 1661ರ ವಿವಾಹ ಒಪ್ಪಂದದ ಪ್ರಕಾರ ಪೋರ್ಚುಗೀಸ್ ರಾಜಕುಮಾರಿ ಕ್ಯಾಥರೀನಳ ಬಳುವಳಿಯಾಗಿ ಇಂಗ್ಲೆಂಡಿನ ಎರಡನೆಯ ಚಾರ್ಲ್ಸನಿಗೆ ಸಂದ ಮುಂಬಯಿಯನ್ನು ಆ ದೊರೆ 1668ರ ಮಾರ್ಚ್ 27ರ ಸನದಿನ ಮೂಲಕ ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದ. ಕಂಪನಿ ವರ್ಷಕ್ಕೊಮ್ಮೆ ಚಿನ್ನದ ರೂಪದಲ್ಲಿ 10 ಪೌಂಡು ಸಲ್ಲಿಸಬೇಕೆಂಬುದಷ್ಟೇ ಅದರ ಕಾಣಿಕೆ. ಇದೇ ಚಾರ್ಲ್ಸ್ 13 ವರ್ಷಗಳ ಬಳಿಕ, 1681ರ ಮಾರ್ಚ್ 4ರಂದು, ಅಮೆರಿಕದಲ್ಲಿ ಡೆಲವೇರ್ ನದಿಯ ಪಶ್ಚಿಮಕ್ಕಿದ್ದ ವಿಶಾಲ ಪ್ರದೇಶವನ್ನು ವಿಲಿಯಂ ಪೆನ್ ಎಂಬ ಒಬ್ಬ ವ್ಯಕ್ತಿಗೆ ಬರೆದುಕೊಟ್ಟ. ಅಲ್ಲಿನ ಕಾಣಿಕೆ, ಪ್ರತಿ ಜನವರಿ 1ರಂದು ವಿಂಡ್ಸರ್ ಕೋಟೆಗೆ ತಲುಪಿಸಬೇಕಾದ ಎರಡು ಬೀವರ್ ಚರ್ಮ ಮತ್ತು ಸಿಕ್ಕಿದ ಚಿನ್ನ ಬೆಳ್ಳಿಯ ಅದಿರಿನಲ್ಲಿ ಐದನೆಯ ಒಂದು ಪಾಲು.

ನನ್ನ ತೊಡಕು ಇಲ್ಲಿಂದ ಆರಂಭವಾಗುತ್ತದೆ. ರಾಜ ಕೊಟ್ಟ ನೆಲವನ್ನೇ ಪೆನ್ ಅಲ್ಲಿನ ಮೂಲನಿವಾಸಿಗಳಾದ ಲೆನಾಪೆ ಜನರಿಂದ ಮತ್ತೆ ದುಡ್ಡು ಕೊಟ್ಟು ಕೊಂಡನೆಂದೂ, ಅದರಿಂದಾಗಿ ಆ ವಸಾಹತು ರಕ್ತಪಾತವಿಲ್ಲದೆ ಬೆಳೆಯಿತೆಂದೂ ಓದುತ್ತೇನೆ. ಸನದು ಸಾಕಾಗಿದ್ದರೆ ಖರೀದಿ ಯಾಕೆ ಬೇಕಾಯಿತು? ಖರೀದಿಯೇ ಬೇಕಿದ್ದರೆ ಸನದು ಕೊಟ್ಟದ್ದಾದರೂ ಏನನ್ನು? ಮುಂಬಯಿಯಲ್ಲಿ ಗವರ್ನರ್ ಜೆರಾಲ್ಡ್ ಆಂಜಿಯರ್ 1672ರಲ್ಲಿ ಇಲ್ಲಿನ ಹಿಡುವಳಿದಾರರೊಂದಿಗೆ ಕರಾರು ಮಾಡಿಕೊಂಡ. ಅವರು ಒಟ್ಟಾಗಿ ವರ್ಷಕ್ಕೆ 20,000 ಷೆರಾಫಿನ್ (ಆಗ ಇಲ್ಲಿ ಚಲಾವಣೆಯಲ್ಲಿದ್ದ ಪೋರ್ಚುಗೀಸ್ ನಾಣ್ಯ) ಸಲ್ಲಿಸುವುದೆಂದೂ, ಅವರ ನೆಲ ಅವರಲ್ಲೇ ಉಳಿಯುವುದೆಂದೂ ತೀರ್ಮಾನವಾಯಿತು. ಪೆನ್ ಅಂಥ ಏರ್ಪಾಟನ್ನೇನಾದರೂ ಮಾಡಿದನೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಪುಣೆ ವಕೀಲ

ನಮಸ್ಕಾರ. ಜಮೀನಿನ ದಾವೆಗಳಲ್ಲೇ ವೃತ್ತಿ ಕಳೆದವನಾದ್ದರಿಂದ ತಮ್ಮ ಪ್ರಶ್ನೆಯನ್ನು ದಾಖಲೆಗಳ ಕಡೆಯಿಂದಲೇ ನೋಡುತ್ತೇನೆ. ಸನದು ಮತ್ತು ಕ್ರಯಪತ್ರ ಎರಡೂ ಬೇಕಾಗಿದ್ದವು, ಏಕೆಂದರೆ ಅವು ಬೇರೆ ಬೇರೆ ಜನರ ಎದುರಿಗೆ ಹಿಡಿಯಬೇಕಾದ ಕಾಗದಗಳು. ಸನದು ಇತರ ಇಂಗ್ಲಿಷರನ್ನು ದೂರವಿಡುತ್ತಿತ್ತು. ಆ ನೆಲದಲ್ಲಿ ಬಿತ್ತಿ ಬೆಳೆದು ಬೇಟೆಯಾಡಿ ಬದುಕುತ್ತಿದ್ದವರನ್ನು ಅದು ಯಾವ ರೀತಿಯಲ್ಲೂ ಬದ್ಧಗೊಳಿಸುತ್ತಿರಲಿಲ್ಲ.

ಸನದಿನ ಹಿನ್ನೆಲೆ ಒಂದು ಸಾಲ. ಪೆನ್ನನ ತಂದೆ ನೌಕಾಪಡೆಯ ಅಡ್ಮಿರಲ್. 1670ರಲ್ಲಿ ಅವನು ತೀರಿಕೊಂಡಾಗ ಅರಸೊತ್ತಿಗೆಯಿಂದ ಅವನಿಗೆ ಬರಬೇಕಾದ ಹಣ ಬಾಕಿಯಿತ್ತು, ಅದನ್ನು 16,000 ಪೌಂಡೆಂದು ಲೆಕ್ಕ ಹಾಕಲಾಯಿತು. ಖಜಾನೆಯಲ್ಲಿ ನಗದಿಲ್ಲದ ರಾಜ ತಾನು ಕಂಡಿರದ ನೆಲವನ್ನು ಕೊಟ್ಟು ಸಾಲ ತೀರಿಸಿದ. ಕಾನೂನಿನ ರೂಪದಲ್ಲಂತೂ ತಮ್ಮ ಎರಡು ಸನದುಗಳು ಒಡಹುಟ್ಟಿದವು: ಮುಂಬಯಿಯನ್ನು ಕೆಂಟ್ ಪ್ರಾಂತದ ಈಸ್ಟ್ ಗ್ರೀನಿಚ್ ಜಹಗೀರಿಗೆ ಸೇರಿದ ಹಿಡುವಳಿಯೆಂಬಂತೆ, ಪೆನ್ಸಿಲ್ವೇನಿಯಾವನ್ನು ವಿಂಡ್ಸರ್ ಕೋಟೆಗೆ ಸೇರಿದ ಹಿಡುವಳಿಯೆಂಬಂತೆ ಬರೆಯಲಾಗಿದೆ. ಎರಡೂ ಯುದ್ಧಸೇವೆಯ ಕಟ್ಟುಪಾಡಿಲ್ಲದ, ಗೊತ್ತುಪಡಿಸಿದ ಕಾಣಿಕೆಯನ್ನಷ್ಟೇ ಸಲ್ಲಿಸಿ ಅನುಭವಿಸುವ ಬಗೆಯವು.

ಇನ್ನು ಖರೀದಿ. ಪೆನ್ ಕ್ವೇಕರ್ ಪಂಥದವನು. ಆಯುಧ ಹಿಡಿಯುವುದನ್ನೂ ಆಣೆಯಿಡುವುದನ್ನೂ ಒಪ್ಪದ ಆ ಪಂಥದ ನಂಬಿಕೆಗಾಗಿ ಇಂಗ್ಲೆಂಡಿನಲ್ಲಿ ಸೆರೆವಾಸ ಅನುಭವಿಸಿದ್ದವನು. 1681ರ ಅಕ್ಟೋಬರಿನಲ್ಲಿ, ತಾನು ಹಡಗು ಹತ್ತುವುದಕ್ಕೆ ಸುಮಾರು ಹತ್ತು ತಿಂಗಳು ಮುಂಚೆಯೇ, ಅವನು ಲೆನಾಪೆಗಳಿಗೆ ಬರೆದ ಪತ್ರದಲ್ಲಿ ರಾಜ ತನಗೆ ಈ ಪ್ರಾಂತವನ್ನು ಕೊಟ್ಟಿರುವನೆಂದೂ, ಆದರೆ ಅವರ ಪ್ರೀತಿ ಮತ್ತು ಸಮ್ಮತಿಯೊಂದಿಗೆ ಅದನ್ನು ಅನುಭವಿಸಲು ಬಯಸುವುದಾಗಿಯೂ ತಿಳಿಸಿದ್ದಾನೆ. ಆ ಮಾತಿನ ಪ್ರಾಮಾಣಿಕತೆಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅದರ ಜೊತೆಗೇ ವ್ಯವಹಾರದ ಕಾರಣಗಳೂ ಇದ್ದವು. ಅವನು ಇಂಗ್ಲೆಂಡಿನಲ್ಲಿ ಕುಳಿತು 5,000 ಎಕರೆಗೆ 100 ಪೌಂಡಿನಂತೆ, ಅದರ ಮೇಲೆ 100 ಎಕರೆಗೆ ವರ್ಷಕ್ಕೆ ಒಂದು ಶಿಲ್ಲಿಂಗ್ ಕಾಣಿಕೆಯ ಷರತ್ತಿನೊಂದಿಗೆ ನೆಲ ಮಾರುತ್ತಿದ್ದ. ದುಡ್ಡು ಕೊಟ್ಟವರಿಗೆ ತಕರಾರಿಲ್ಲದ ಹಕ್ಕು ಬೇಕಲ್ಲವೇ? ಡಚ್ಚರೂ ಸ್ವೀಡಿಷರೂ ಅದೇ ನದೀದಂಡೆಯಲ್ಲಿ ಲೆನಾಪೆಗಳಿಂದ ನೆಲ ಕೊಳ್ಳುವ ಪದ್ಧತಿಯನ್ನು ಆಗಲೇ ಹಾಕಿಕೊಟ್ಟಿದ್ದರು. ಲಂಡನ್ನಿನ ಬಿಷಪ್ಪನೂ ಹಾಗೆಯೇ ಸಲಹೆ ಕೊಟ್ಟಿದ್ದನೆಂದೂ, ತಾನು ಅದನ್ನು ಪಾಲಿಸಿ ಕೊಂಡೆನೇ ಹೊರತು ಕಸಿದುಕೊಳ್ಳಲಿಲ್ಲವೆಂದೂ ಪೆನ್ ಸ್ವತಃ 1683ರಲ್ಲಿ ಬರೆದಿದ್ದಾನೆ. ದಕ್ಷಿಣದ ಮೇರಿಲ್ಯಾಂಡಿನ ಒಡೆಯ ಲಾರ್ಡ್ ಬಾಲ್ಟಿಮೋರ್ ಗಡಿಗಾಗಿ ಜಗಳ ತೆಗೆದಿದ್ದಾಗ ಸ್ಥಳೀಯರ ಕ್ರಯಪತ್ರ ಪೆನ್ನನ ಕೈಯಲ್ಲಿ ಒಂದು ಸಾಕ್ಷ್ಯವೂ ಆಗಿತ್ತು.

ಮೊದಲ ಕ್ರಯಪತ್ರ ಆದದ್ದು 1682ರ ಜುಲೈ 15ರಂದು. ಪೆನ್ ಇನ್ನೂ ಇಂಗ್ಲೆಂಡಿನಲ್ಲಿದ್ದುದರಿಂದ ಅವನ ಪ್ರತಿನಿಧಿ ವಿಲಿಯಂ ಮಾರ್ಕಮ್ ಅದನ್ನು ಮಾಡಿಸಿದ. ಕೊಟ್ಟ ಬೆಲೆ ಒಂದು ದೊಡ್ಡ ಸಾಮಾನು ಪಟ್ಟಿ: ಚಿಪ್ಪಿನ ಮಣಿಗಳನ್ನು ಪೋಣಿಸಿದ ವಾಂಪಮ್ ಸರಗಳು, ಕಂಬಳಿ, ಬಂದೂಕು, ಮದ್ದು, ಹಂಡೆ, ಗುದ್ದಲಿ, ಕೊಡಲಿ, ಕತ್ತರಿ, ಬಾಚಣಿಗೆ, ಸೂಜಿ, ಮೀನಿನ ಗಾಳ, ರಮ್ಮು. ಆಂಜಿಯರನ ಕರಾರಿನಂಥದು ಅಲ್ಲಿ ನಡೆಯಲಿಲ್ಲ. ಮುಂಬಯಿಯಲ್ಲಿ ಹಿಡುವಳಿದಾರ ಉಳಿದುಕೊಂಡು ಹಣ ಸಲ್ಲಿಸಿದ, ಪೆನ್ಸಿಲ್ವೇನಿಯಾದಲ್ಲಿ ಸಾಮಾನು ಪಡೆದವನು ಸ್ಥಳ ಬಿಟ್ಟುಕೊಡಬೇಕೆಂಬುದೇ ಇಂಗ್ಲಿಷರ ಗ್ರಹಿಕೆ. ಇದಕ್ಕಿಂತ ಮಿಗಿಲಾಗಿ, ನ್ಯಾಯವಾಗಿ ಕೊಳ್ಳಬೇಕೆಂಬ ನಿಯಮ ಪೆನ್ನನ ಮನಸ್ಸಿನಲ್ಲಿತ್ತು, ಸನದಿನ ಯಾವ ಕಲಮಿನಲ್ಲೂ ಇರಲಿಲ್ಲ. ಅವನು ಅಲ್ಲಿ ವಾಸವಿದ್ದದ್ದು 1682ರಿಂದ 1684ರವರೆಗೆ ಮತ್ತು 1699ರಿಂದ 1701ರವರೆಗೆ, ಒಟ್ಟು ನಾಲ್ಕು ವರ್ಷವೂ ತುಂಬುವುದಿಲ್ಲ.

ಉತ್ತರ: ಡೊಂಬಿವಲಿ ಶಿಕ್ಷಕಿ

ವಕೀಲರ ವಿವರಣೆಗೆ ನನ್ನ ಒಪ್ಪಿಗೆಯಿದೆ. ಆದರೆ ಆ ನೆಲಕ್ಕೆ ಬಂದು ನೆಲೆಸಿದವರು ಯಾರೆಂಬುದನ್ನೂ ಸೇರಿಸದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಪೆನ್ ಬರುವಾಗ ಡೆಲವೇರ್ ಕಣಿವೆ ಐರೋಪ್ಯರಿಗೆ ಹೊಸದೇನೂ ಆಗಿರಲಿಲ್ಲ. ಸ್ವೀಡನ್ನಿನವರು 1638ರಲ್ಲಿ ಇಂದಿನ ವಿಲ್ಮಿಂಗ್ಟನ್ ಇರುವಲ್ಲಿ ಕೋಟೆ ಕಟ್ಟಿದ್ದರು. 1655ರಲ್ಲಿ ಡಚ್ಚರು, 1664ರಲ್ಲಿ ಇಂಗ್ಲಿಷರು ಅದನ್ನು ವಶಪಡಿಸಿಕೊಂಡರು. ಧ್ವಜ ಬದಲಾದರೂ ಸ್ವೀಡಿಷ್ ಮತ್ತು ಫಿನ್ನಿಷ್ ರೈತರು ತಮ್ಮ ಮರದ ದಿಮ್ಮಿಯ ಮನೆಗಳಲ್ಲೇ ಉಳಿದರು. ಅವರ ಮಕ್ಕಳು ಲೆನಾಪೆ ಭಾಷೆ ಬಲ್ಲವರಾಗಿದ್ದರು. ಪೆನ್ನನ ಮಾತುಕತೆಗಳಲ್ಲಿ ದುಭಾಷಿಯಾಗಿದ್ದ ಲಾಸೆ ಕಾಕ್ ಅಂಥ ಒಬ್ಬ ಸ್ವೀಡಿಷ್ ವಸಾಹತುಗಾರ. ಎರಡು ತಲೆಮಾರಿನ ಈ ಒಡನಾಟ ಇಲ್ಲದೆ ಹೋಗಿದ್ದರೆ ಪೆನ್ನನ ಸದ್ಭಾವ ಎಷ್ಟರಮಟ್ಟಿಗೆ ಫಲಿಸುತ್ತಿತ್ತೋ ಹೇಳಲಾಗದು. ಶಾಂತಿಯ ಶ್ರೇಯಸ್ಸನ್ನು ಒಬ್ಬನಿಗೇ ಕೊಡುವುದು ನನಗೆ ಸರಿ ಕಾಣುವುದಿಲ್ಲ, ಅದರಲ್ಲಿ ಲೆನಾಪೆಗಳ ಪಾಲು ದೊಡ್ಡದು.

ಫಿಲಡೆಲ್ಫಿಯಾ ನಗರದ ನಕ್ಷೆಯನ್ನು ಭೂಮಾಪಕ ಥಾಮಸ್ ಹೋಮ್ ಸಿದ್ಧಪಡಿಸಿದ, ಅದು 1683ರಲ್ಲಿ ಪ್ರಕಟವಾಯಿತು. ಡೆಲವೇರ್ ಮತ್ತು ಸ್ಕೂಲ್‌ಕಿಲ್ ನದಿಗಳ ನಡುವೆ ನೇರ ಬೀದಿಗಳು, 100 ಅಡಿ ಅಗಲದ ಎರಡು ಹೆಬ್ಬೀದಿಗಳು, ಐದು ಸಾರ್ವಜನಿಕ ಚೌಕಗಳು ಅದರಲ್ಲಿದ್ದವು. 1665ರ ಪ್ಲೇಗನ್ನೂ 1666ರ ಬೆಂಕಿಯನ್ನೂ ಕಂಡ ಲಂಡನ್ನಿನವನಾದ ಪೆನ್, ಪ್ರತಿ ಮನೆಯೂ ತನ್ನ ನಿವೇಶನದ ನಡುವೆ, ಸುತ್ತ ತೋಟವಿರುವಂತೆ ಇರಬೇಕೆಂದು ಬಯಸಿದ್ದ. ಮೊದಲು ಬಂದವರಲ್ಲಿ ಹಲವರು ಮನೆ ಏಳುವವರೆಗೆ ನದಿಯ ದಂಡೆಯಲ್ಲಿ ಅಗೆದ ಗುಹೆಗಳಲ್ಲಿ ವಾಸಿಸಿದರು. ಇಂಗ್ಲಿಷ್ ಕ್ವೇಕರರ ಜೊತೆಗೆ ವೇಲ್ಸಿನ ಕ್ವೇಕರರು ಬಂದರು. 1683ರ ಅಕ್ಟೋಬರಿನಲ್ಲಿ ಜರ್ಮನಿಯ ಕ್ರೆಫೆಲ್ಡ್ ಊರಿನ 13 ಕುಟುಂಬಗಳು ಬಂದು ಜರ್ಮನ್‌ಟೌನ್ ಸ್ಥಾಪಿಸಿದವು, 1710ರ ಸುಮಾರಿಗೆ ಮೆನ್ನೊನೈಟರೆಂಬ ಕ್ರೈಸ್ತ ಪಂಥದವರು ಲ್ಯಾಂಕಾಸ್ಟರ್ ಪ್ರದೇಶಕ್ಕೆ ಬಂದರು, ಆ ನಂತರದ ದಶಕದಿಂದ ಉತ್ತರ ಐರ್ಲೆಂಡಿನ ಸ್ಕಾಟಿಷ್ ಮೂಲದವರು ಸಾವಿರಗಟ್ಟಲೆ ಬಂದಿಳಿದರು. ಈ ಕೊನೆಯವರು ಗಡಿಯ ಕಾಡುಗಳಿಗೆ ನುಗ್ಗಿ, ಹಲವೆಡೆ ಯಾರಿಂದಲೂ ಕೊಳ್ಳದೆ ನೆಲ ಹಿಡಿದರು.

ದೇವರನ್ನು ನಂಬುವ ಯಾರಿಗೂ ಆರಾಧನೆಯ ವಿಷಯದಲ್ಲಿ ಕಿರುಕುಳವಿಲ್ಲ ಎಂಬ ಭರವಸೆಯೇ ಇವರನ್ನು ಸೆಳೆದದ್ದು. 1701ರ ಹಕ್ಕುಪತ್ರ ಅದನ್ನು ಖಚಿತಪಡಿಸಿತು, ಅಧಿಕಾರದ ಹುದ್ದೆಗಳನ್ನು ಮಾತ್ರ ಕ್ರೈಸ್ತರಿಗೆ ಮೀಸಲಿಟ್ಟಿತು. ಅದೇ ಕಾಲಘಟ್ಟದಲ್ಲಿ ಆಂಜಿಯರನೂ ಬನಿಯಾ ಮತ್ತು ಪಾರ್ಸಿ ವ್ಯಾಪಾರಿಗಳನ್ನು ಮುಂಬಯಿಗೆ ಕರೆಯಲು ಧರ್ಮಾಚರಣೆಯ ಸ್ವಾತಂತ್ರ್ಯದ ಮಾತು ಕೊಟ್ಟದ್ದನ್ನು ತಾವು ಲೇಖನದಲ್ಲಿ ಪಕ್ಕಕ್ಕಿಟ್ಟು ನೋಡಬಹುದು.

ಒಂದು ಸಂಗತಿಯನ್ನು ಮರೆಸಲಾಗದು. 1684ರಲ್ಲಿ ಇಸಬೆಲ್ಲಾ ಎಂಬ ಹಡಗು 150 ಮಂದಿ ಆಫ್ರಿಕನ್ ಬಂದಿಗಳನ್ನು ಫಿಲಡೆಲ್ಫಿಯಾಕ್ಕೆ ತಂದಿತು, ಕ್ವೇಕರರೂ ಅವರನ್ನು ಕೊಂಡರು. ಪೆನ್ ಕೂಡ ಗುಲಾಮರನ್ನು ಇಟ್ಟುಕೊಂಡಿದ್ದ. 1688ರಲ್ಲಿ ಜರ್ಮನ್‌ಟೌನಿನ ನಾಲ್ವರು ಇದನ್ನು ಖಂಡಿಸಿ ಬರೆದುಕೊಟ್ಟ ಮನವಿ ಕ್ವೇಕರ್ ಸಭೆಯಿಂದ ಸಭೆಗೆ ದಾಟಿ ನಿರ್ಣಯವಿಲ್ಲದೆ ಉಳಿಯಿತು. ಗುಲಾಮಗಿರಿಯನ್ನು ಹಂತಹಂತವಾಗಿ ತೆಗೆಯುವ ಕಾನೂನು ಅಲ್ಲಿ ಬಂದದ್ದು 1780ರಲ್ಲಿ.

ಮರುಪ್ರಶ್ನೆ: ಮಾಟುಂಗಾ ವಾಚಕ

ಇಬ್ಬರಿಗೂ ಕೃತಜ್ಞತೆಗಳು. 1737ರ ‘ನಡಿಗೆ ಖರೀದಿ’ ಎಂಬುದರ ಉಲ್ಲೇಖ ಹಲವೆಡೆ ಬರುತ್ತದೆ. ಲೆನಾಪೆಗಳು ನೆಲೆ ಕಳೆದುಕೊಂಡದ್ದು ಅದರಿಂದಲೇ ಎಂದು ಕೆಲವರು ಬರೆಯುತ್ತಾರೆ. ಒಂದು ನಡಿಗೆಯಿಂದ ಅಷ್ಟು ನೆಲ ಹೋದದ್ದು ಹೇಗೆ?

ಉತ್ತರ: ಠಾಣೆ ಮೋಜಣಿದಾರ

ಭೂಮಾಪನ ಇಲಾಖೆಯಲ್ಲಿ ಸರಪಳಿ ಹಿಡಿದು ಕೆಲಸ ಮಾಡಿದವನಾದ್ದರಿಂದ ಈ ಪ್ರಶ್ನೆಗೆ ಉತ್ತರಿಸುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ಆ ವಂಚನೆಯಲ್ಲಿ ನಡಿಗೆ ಅರ್ಧ ಭಾಗ ಮಾತ್ರ, ಉಳಿದರ್ಧ ನಡೆದದ್ದು ನಕ್ಷೆಯ ಮೇಲೆ.

ಪೆನ್ 1718ರಲ್ಲಿ ತೀರಿಕೊಂಡ. ಪ್ರಾಂತದ ಒಡೆತನ ಅವನ ಮಕ್ಕಳಾದ ಜಾನ್, ಥಾಮಸ್ ಮತ್ತು ರಿಚರ್ಡರಿಗೆ ಬಂತು, ಅದರೊಂದಿಗೆ ಸಾಲವೂ ಬಂತು. ನೆಲ ಮಾರದೆ ಅವರಿಗೆ ಬೇರೆ ದಾರಿಯಿರಲಿಲ್ಲ. ಡೆಲವೇರ್ ಮತ್ತು ಲೀಹೈ ನದಿಗಳು ಕೂಡುವ ಫೋರ್ಕ್ಸ್ ಪ್ರದೇಶದ ಫಲವತ್ತಾದ ನೆಲವಂತೂ ಲೆನಾಪೆಗಳ ಕೈಯಲ್ಲೇ ಇತ್ತು. ಆಗ ಪ್ರಾಂತದ ಕಾರ್ಯದರ್ಶಿಯಾಗಿ ದೀರ್ಘಕಾಲ ಕೆಲಸ ಮಾಡಿದ್ದ ಜೇಮ್ಸ್ ಲೋಗನ್ ಮತ್ತು ಥಾಮಸ್ ಪೆನ್ 1686ರದೆಂದು ಹೇಳುವ ಒಂದು ಹಳೆಯ ಕಾಗದವನ್ನು ಹೊರತೆಗೆದರು. ಲೆನಾಪೆಗಳು ಗೊತ್ತಾದ ಒಂದು ಬಿಂದುವಿನಿಂದ ಒಬ್ಬ ಮನುಷ್ಯ ಒಂದೂವರೆ ದಿನದಲ್ಲಿ ನಡೆಯಬಲ್ಲಷ್ಟು ದೂರದವರೆಗೆ ನೆಲ ಕೊಟ್ಟಿದ್ದಾರೆಂದು ಅದರ ಅರ್ಥ ಹೇಳಿದರು. ಅದರಲ್ಲಿ ಸಹಿಯಿರಲಿಲ್ಲ, ಮೂಲಪ್ರತಿಯನ್ನು ಯಾರೂ ತೋರಿಸಲಿಲ್ಲ. ನ್ಯುಟಿಮಸ್ ಮೊದಲಾದ ಮುಖ್ಯಸ್ಥರು ವರ್ಷಗಟ್ಟಲೆ ಒಪ್ಪಲಿಲ್ಲ. ಕೊನೆಗೆ 1737ರ ಆಗಸ್ಟಿನಲ್ಲಿ ಅವರ ಮುಂದಿಟ್ಟ ನಕ್ಷೆಯಲ್ಲಿ ದಕ್ಷಿಣದ ಟೊಹಿಕನ್ ಹಳ್ಳವೆಂದು ಅವರು ತಿಳಿಯುವಂತೆ ಬರೆದದ್ದು ನಿಜಕ್ಕೂ ಬಹು ದೂರ ಉತ್ತರದ ಲೀಹೈ ನದಿಯಾಗಿತ್ತು. ಅದನ್ನು ನೋಡಿ ಅವರು ಗುರುತು ಹಾಕಿದರು.

ನಡಿಗೆ ಆರಂಭವಾದದ್ದು ಸೆಪ್ಟೆಂಬರ್ 19ರ ಬೆಳಗ್ಗೆ, ರೈಟ್ಸ್‌ಟೌನಿನಿಂದ. ಎಡ್ವರ್ಡ್ ಮಾರ್ಷಲ್, ಜೇಮ್ಸ್ ಯೇಟ್ಸ್ ಮತ್ತು ಸಾಲಮನ್ ಜೆನಿಂಗ್ಸ್ ಎಂಬ ಮೂವರು ಗಟ್ಟಿಗರನ್ನು ಆರಿಸಿದ್ದರು, ಹೆಚ್ಚು ದೂರ ಹೋದವನಿಗೆ 5 ಪೌಂಡು ಮತ್ತು 500 ಎಕರೆಯ ಆಸೆ ತೋರಿಸಿದ್ದರು. ಮುಂಚೆಯೇ ಕಾಡಿನಲ್ಲಿ ದಾರಿ ಗುರುತಿಸಿ ಸವರಿಟ್ಟಿದ್ದರು. ಜೊತೆಗೆ ಹೊರಟಿದ್ದ ಲೆನಾಪೆಗಳು ಇದು ನಡಿಗೆಯಲ್ಲ ಓಟ ಎಂದು ಆಕ್ಷೇಪಿಸಿ ಹಿಂದೆ ಉಳಿದರು. ಜೆನಿಂಗ್ಸ್ ಮೊದಲ ದಿನವೇ ಸೋತ, ಯೇಟ್ಸ್ ಎರಡನೆಯ ದಿನ ಕುಸಿದುಬಿದ್ದ. ಮಾರ್ಷಲ್ ಸುಮಾರು 65 ಮೈಲಿ ದಾಟಿದ, ಎಂದರೆ ಮುಂಬಯಿಯಿಂದ ಹೊರಟು ಘಟ್ಟ ಹತ್ತಿ ಲೋನಾವಳಾವನ್ನೂ ದಾಟಿದಷ್ಟು ದೂರ.

ಇಷ್ಟರಲ್ಲೇ ಬೇಕಾದಷ್ಟು ಅನ್ಯಾಯವಿತ್ತು, ಆದರೆ ಭೂಮಾಪಕರ ಕೆಲಸ ಇನ್ನೂ ಬಾಕಿಯಿತ್ತು. ಕಾಗದದಲ್ಲಿ ಪಾರ್ಶ್ವದ ಗಡಿರೇಖೆ ಯಾವ ದಿಕ್ಕಿಗೆ ಹೋಗಬೇಕೆಂಬುದು ಖಾಲಿಯಿತ್ತು. ಚಕ್ಕುಬಂದಿಯಲ್ಲಿ ಒಂದು ದಿಕ್ಕು ಬಿಟ್ಟುಹೋದರೆ ಏನಾಗುತ್ತದೆಂಬುದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಮಾರ್ಷಲ್ ನಿಂತಲ್ಲಿಂದ ಹತ್ತಿರದ ಡೆಲವೇರ್ ದಂಡೆಗೆ ಗೆರೆ ಎಳೆಯುವ ಬದಲು ಅವನು ನಡೆದ ದಿಕ್ಕಿಗೆ ಲಂಬವಾಗಿ ಎಳೆದರು. ಆ ನದಿ ಅಲ್ಲಿ ಈಶಾನ್ಯದಿಂದ ಬರುವುದರಿಂದ ಗೆರೆ ಬಹು ದೂರ ಸಾಗಿ ಲ್ಯಾಕವಾಕ್ಸನ್ ಹೊಳೆಯ ಸಮೀಪ ಅದನ್ನು ಮುಟ್ಟಿತು. ಒಳಗೆ ಸಿಕ್ಕಿದ್ದು ಸುಮಾರು 12 ಲಕ್ಷ ಎಕರೆ. ಲೆನಾಪೆಗಳು ಬಿಟ್ಟುಹೋಗಲು ನಿರಾಕರಿಸಿದಾಗ, 1742ರಲ್ಲಿ ಪ್ರಾಂತದವರು ಇರೊಕ್ವಾಯ್ ಎಂಬ ಮೂಲನಿವಾಸಿ ಬುಡಕಟ್ಟುಗಳ ಒಕ್ಕೂಟದ ಮುಖಂಡ ಕನಸಟೆಗೊನನ್ನು ಫಿಲಡೆಲ್ಫಿಯಾಕ್ಕೆ ಕರೆಸಿ ಅವನ ಬಾಯಿಂದಲೇ ಹೊರಡುವಂತೆ ಆಜ್ಞೆ ಕೊಡಿಸಿದರು. 1755ರಲ್ಲಿ ಗಡಿಯ ಹಳ್ಳಿಗಳ ಮೇಲೆ ಲೆನಾಪೆಗಳ ದಾಳಿಗಳು ನಡೆದವು. ಮರುವರ್ಷ ಗವರ್ನರ್ ಡೆಲವೇರರ, ಎಂದರೆ ಇದೇ ಲೆನಾಪೆಗಳ ಮೇಲೆ ಯುದ್ಧ ಸಾರಿ ಕೊಂದವರ ನೆತ್ತಿಯ ಚರ್ಮ ತಂದವರಿಗೆ ಬಹುಮಾನ ಗೊತ್ತುಮಾಡಿದಾಗ ಹಲವು ಕ್ವೇಕರರು ಶಾಸನಸಭೆಯಿಂದ ಹೊರಬಂದರು. ಅದೇ ವರ್ಷ ಈಸ್ಟನ್ನಿನ ಸಭೆಯಲ್ಲಿ ಟೀಡ್ಯುಸ್ಕಂಗ್ ಎಂಬ ಲೆನಾಪೆ ಮುಖಂಡ ತಾನು ನಿಂತಿರುವ ನೆಲವೇ ಮೋಸದಿಂದ ಹೋದದ್ದೆಂದು ಎಲ್ಲರೆದುರು ದೂರಿದ.

ತಂದೆ ವಿಲಿಯಂ ಪೆನ್ ಲೆನಾಪೆಗಳೊಂದಿಗೆ ಮಾಡಿಕೊಂಡನೆನ್ನುವ ಶಾಂತಿ ಒಪ್ಪಂದವನ್ನು ತೋರಿಸುವ ಪ್ರಸಿದ್ಧ ವರ್ಣಚಿತ್ರವನ್ನು ಬೆಂಜಮಿನ್ ವೆಸ್ಟನಿಂದ 1770ರ ದಶಕದ ಆರಂಭದಲ್ಲಿ ಬರೆಸಿದವನು ಇದೇ ಥಾಮಸ್ ಪೆನ್. ಆ ಚಿತ್ರ ನೋಡುವಾಗಲೆಲ್ಲ ನನಗೆ ಆ ಲಂಬರೇಖೆ ನೆನಪಾಗಿ ಸಂಕಟವಾಗುತ್ತದೆ.

ಉತ್ತರ: ಮಡಗಾಂವ್ ಕನ್ನಡಿಗ

ಗೋವಾದಿಂದ ಒಂದು ಹೋಲಿಕೆ ಸೇರಿಸಲು ಅನುಮತಿ ಕೋರುತ್ತೇನೆ. ಇಲ್ಲಿನ ಹಳ್ಳಿಗಳ ನೆಲ ಗಾಂವ್ಕಾರರ, ಎಂದರೆ ಊರಿನ ಮೂಲ ಮನೆತನಗಳವರ ಸಮುದಾಯಕ್ಕೆ ಸೇರಿತ್ತು, ಯಾರೊಬ್ಬರೂ ಅದನ್ನು ತಮ್ಮಷ್ಟಕ್ಕೆ ಮಾರುವಂತಿರಲಿಲ್ಲ. 1526ರಲ್ಲಿ ಪೋರ್ಚುಗೀಸ್ ಅಧಿಕಾರಿ ಅಫೊನ್ಸೊ ಮೆಶಿಯಾ ಈ ರೂಢಿಗಳನ್ನು ವಿಚಾರಿಸಿ ‘ಫೊರಾಲ್’ ಎಂಬ ದಸ್ತಾವೇಜಿನಲ್ಲಿ ಬರೆಸಿದ. ಅದು ಎಲ್ಲವನ್ನೂ ಕಾಪಾಡಿತೆಂದಲ್ಲ, ಅದೇ ಶತಮಾನದ ಉತ್ತರಾರ್ಧದಲ್ಲಿ ದೇವಸ್ಥಾನಗಳ ಭೂಮಿ ಚರ್ಚುಗಳ ಪಾಲಾಯಿತು. ಆದರೂ ಸ್ಥಳೀಯರ ಹಕ್ಕು ಆಳುವವರ ಕಾಗದದಲ್ಲೇ ದಾಖಲಾಗಿದ್ದರಿಂದ ಮುಂದಿನ ಪೀಳಿಗೆಗಳು ಅದನ್ನು ಹಿಡಿದು ವಾದಿಸಲು ಸಾಧ್ಯವಾಯಿತು. ಲೆನಾಪೆಗಳಲ್ಲಿ ಹೊಲ ಹೆಂಗಸರದು, ಬೇಟೆಯ ಕಾಡು ಮತ್ತು ಮೀನುಗಾರಿಕೆಯ ತಾಣ ಋತುವಿಗೆ ತಕ್ಕಂತೆ ಕುಲಗಳವು. ಅಂಥವರು ಸಾಮಾನು ಪಡೆದು ಗುರುತು ಹಾಕಿದಾಗ ಜೊತೆಯಲ್ಲಿ ಬಾಳಲು ಅನುಮತಿ ಕೊಡುತ್ತಿದ್ದೇವೆಂದೇ ತಿಳಿದಿದ್ದರೆಂದು ಅನೇಕ ಇತಿಹಾಸಕಾರರು ಹೇಳುತ್ತಾರೆ. ಆ ತಿಳಿವಳಿಕೆ ಯಾವ ಕ್ರಯಪತ್ರದಲ್ಲೂ ಸೇರಲಿಲ್ಲ.

ಉತ್ತರ: ಪುಣೆ ವಕೀಲ

ಮೂಲಪ್ರಶ್ನೆಗೆ ನ್ಯಾಯಾಲಯವೇ ಕೊಟ್ಟ ಉತ್ತರವೊಂದಿದೆ, ಅದನ್ನು ಸೇರಿಸಿ ಮುಗಿಸುತ್ತೇನೆ. ಸ್ವಾತಂತ್ರ್ಯಯುದ್ಧದ ನಡುವೆ, 1779ರಲ್ಲಿ, ಪೆನ್ಸಿಲ್ವೇನಿಯಾದ ಶಾಸನಸಭೆ ಪೆನ್ ಕುಟುಂಬದ ಮಾರಾಟವಾಗದ ನೆಲವನ್ನು ಸರ್ಕಾರಕ್ಕೆ ಸೇರಿಸಿಕೊಂಡು 1,30,000 ಪೌಂಡು ಪರಿಹಾರ ಗೊತ್ತುಮಾಡಿತು. ಲೆನಾಪೆಗಳು ಅಷ್ಟರಲ್ಲಿ ಒಹಾಯೊ ಕಡೆಗೆ ಸರಿದಿದ್ದರು, ಮುಂದೆ ಹಲವು ವಲಸೆಗಳ ನಂತರ ಅವರಲ್ಲಿ ಬಹುಪಾಲು ಜನ ಒಕ್ಲಹೋಮ ಸೇರಿದರು. ಅಲ್ಲಿನ ಡೆಲವೇರ್ ನೇಷನ್ ಎಂಬ ಲೆನಾಪೆ ಸಮುದಾಯ 2004ರಲ್ಲಿ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಕೇಳಿದ್ದು 12 ಲಕ್ಷ ಎಕರೆಯನ್ನಲ್ಲ, ಈಸ್ಟನ್ನಿನ ಬಳಿ ಟಾಟಮಿ ಎಂಬ ಲೆನಾಪೆಗೆ 1738ರಲ್ಲಿ ಬರೆದುಕೊಟ್ಟಿದ್ದ 315 ಎಕರೆಯನ್ನು. 1737ರಲ್ಲಿ ಮೋಸ ನಡೆದಿತ್ತೆಂದೇ ಇಟ್ಟುಕೊಂಡರೂ, 1681ರ ಸನದಿನಿಂದ ಸಾರ್ವಭೌಮ ಅಧಿಕಾರ ಪಡೆದಿದ್ದ ಥಾಮಸ್ ಪೆನ್ ಆ ಜನರ ಮೂಲಹಕ್ಕನ್ನು ಕೊನೆಗೊಳಿಸಬಲ್ಲವನಾಗಿದ್ದನೆಂದೂ, ಯಾವ ರೀತಿಯಲ್ಲಿ ಕೊನೆಗೊಳಿಸಿದನೆಂಬುದು ನ್ಯಾಯಾಲಯ ವಿಚಾರಿಸುವ ಸಂಗತಿಯಲ್ಲವೆಂದೂ ಮೇಲ್ಮನವಿ ನ್ಯಾಯಾಲಯ 2006ರಲ್ಲಿ ತೀರ್ಪು ಕೊಟ್ಟಿತು. ಸುಪ್ರೀಂ ಕೋರ್ಟು ಅದೇ ವರ್ಷ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು.

ಸನದು ಕೊಟ್ಟದ್ದೇನೆಂದು ತಾವು ಕೇಳಿದ್ದಿರಿ. ತಮ್ಮ ಲೇಖನದಲ್ಲಿ 1668 ಮತ್ತು 1681ರ ಪಕ್ಕಕ್ಕೆ ಈ ತೀರ್ಪನ್ನೂ ಇಡಬೇಕೆಂದು ನನ್ನ ಸೂಚನೆ.